ಘಟ್ಟದ ಗಾಡಿಗಳಲ್ಲಿ ಏರ್‌ಬ್ರೇಕ್ ಕೊಳವೆಯ ರಕ್ಷಣೆ: ಜೊಯಿಡಾ ಸೀಮೆಯ ರೈಲುಮಾರ್ಗವನ್ನು ಆಧರಿಸಿದ ವಿವೇಚನೆ

ಸಾರಾಂಶ

ಎರಡು ವ್ಯಾಗನ್‌ಗಳ ನಡುವೆ ತೂಗುವ ಏರ್‌ಬ್ರೇಕ್ ಹೋಸ್ ಪೈಪು ಇಡೀ ಗಾಡಿಯ ಬ್ರೇಕನ್ನು ಒಂದಾಗಿಸುತ್ತದೆ. ಕಪ್ಲಿಂಗ್ ಕೂಡಿಸುವಾಗ ಬೀಳುವ ಪೆಟ್ಟಿಗೆ, ಬಿಡಿಸುವಾಗಿನ ಜಗ್ಗಾಟಕ್ಕೆ ಮೊದಲು ಸಿಗುವುದೂ ಇದೇ. ಜೊಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಟ್ಟದ ಮಾರ್ಗವನ್ನು ಮುಂದಿಟ್ಟುಕೊಂಡು, ಈ ಜೋಡಣೆಗೆ ಎಂಥ ಹಾನಿಗಳು ಆಗುತ್ತವೆ, ಅವುಗಳಲ್ಲಿ ಯಾವುದು ಹೆಚ್ಚು ಅಪಾಯಕಾರಿ, ರಕ್ಷಣೆಯ ವಿನ್ಯಾಸ ಯಾವ ಕ್ರಮದಲ್ಲಿರಬೇಕು ಎಂಬುದನ್ನು ಲೇಖನ ಪರಿಶೀಲಿಸುತ್ತದೆ. ಹರಿದ ಹೋಸು ಗಾಡಿಯನ್ನು ನಿಲ್ಲಿಸುತ್ತದೆ. ಅರೆಗಾಯಗೊಂಡ ಪೈಪು ಮತ್ತು ಸ್ಥಾನ ತಪ್ಪಿದ ಆಂಗಲ್ ಕಾಕ್ ಗಾಡಿಯನ್ನು ಓಡಲು ಬಿಡುತ್ತವೆ. ರಕ್ಷಣೆಯ ಆದ್ಯತೆಯನ್ನು ಈ ವ್ಯತ್ಯಾಸದಿಂದಲೇ ನಿರ್ಧರಿಸಬೇಕು ಎಂಬುದು ಇಲ್ಲಿನ ವಾದ.

ಪ್ರಮುಖ ಪದಗಳು: ಏರ್‌ಬ್ರೇಕ್, ಬ್ರೇಕ್ ಪೈಪ್, ಆಂಗಲ್ ಕಾಕ್, ಸೆಂಟರ್ ಬಫರ್ ಕಪ್ಲರ್, ಶಂಟಿಂಗ್, ಕ್ಯಾಸಲ್‌ರಾಕ್ ಘಟ್ಟ

1. ಪ್ರಸ್ತಾವನೆ

ಕಾಳಿ ನದಿಗೆ ಸೂಪಾದಲ್ಲಿ ಕಟ್ಟಿದ ಅಣೆಕಟ್ಟೆಯ ಪಕ್ಕದ ಗಣೇಶಗುಡಿಗೆ ರೈಲು ಬಂದಿಲ್ಲ. ಆದರೆ ಅದರ ಎರಡೂ ಮಗ್ಗುಲಲ್ಲಿ ಹಳಿಗಳಿವೆ. ಪೂರ್ವಕ್ಕೆ ಅಳ್ನಾವರದಿಂದ ದಾಂಡೇಲಿಯ ಅಂಬೇವಾಡಿಗೆ ಬರುವ ಕವಲು ಮಾರ್ಗವಿದೆ. ಕಾಡಿನ ಮರ ಸಾಗಿಸಿದ ಈ ಹಾದಿಯಲ್ಲಿ ಪ್ರಯಾಣಿಕರ ಗಾಡಿ ಬಹುಕಾಲ ನಿಂತುಹೋಗಿ 2019ರಲ್ಲಿ ಮತ್ತೆ ಆರಂಭವಾಯಿತು. ವಾಯವ್ಯಕ್ಕೆ, ಜೊಯಿಡಾ ತಾಲೂಕಿನಲ್ಲೇ ಕ್ಯಾಸಲ್‌ರಾಕ್ ನಿಲ್ದಾಣವಿದೆ. ಬ್ರಿಟಿಷರಿಗೂ ಪೋರ್ಚುಗೀಸರಿಗೂ 1878ರಲ್ಲಿ ಆದ ಒಪ್ಪಂದದ ಫಲವಾಗಿ 1880ರ ದಶಕದಲ್ಲಿ ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬಂದ ಮೀಟರ್‌ಗೇಜ್ ಹಳಿ, ಬ್ರಿಟಿಷ್ ಸೀಮೆಯ ಹಳಿಯನ್ನು ಸೇರಿದ್ದು ಇಲ್ಲಿ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದ ಈ ಮಾರ್ಗ ಇಂದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ. ಬಳ್ಳಾರಿ–ಹೊಸಪೇಟೆ ಸೀಮೆಯ ಅದಿರು ಬಂದರಿಗೆ ಇಳಿದದ್ದೂ ಬಂದರಿನ ಕಲ್ಲಿದ್ದಲು ಮೇಲೇರಿ ಬಂದದ್ದೂ ಈ ದಾರಿಯಲ್ಲೇ.

ಕ್ಯಾಸಲ್‌ರಾಕ್‌ನಿಂದ ದೂಧಸಾಗರದ ಮೂಲಕ ಕುಳೆಂವರೆಗಿನ ಘಟ್ಟದಲ್ಲಿ ಇಳಿಜಾರು 37ಕ್ಕೆ 1. ಅಂದರೆ 37 ಮೀಟರ್ ಸಾಗಿದರೆ ಹಳಿ 1 ಮೀಟರ್ ಕೆಳಗಿಳಿದಿರುತ್ತದೆ. ಸಮತಟ್ಟಾದ ಯಾರ್ಡಿನಲ್ಲಿ ಹೋಸ್ ಪೈಪಿಗೆ ಬಿದ್ದ ಪೆಟ್ಟು ಅಲ್ಲಿ ಹೆಚ್ಚೆಂದರೆ ಗಾಡಿಯನ್ನು ತಡಮಾಡುತ್ತದೆ. ಅದೇ ಪೆಟ್ಟು ಈ ಇಳಿಜಾರಿನಲ್ಲಿ ಜೀವಕ್ಕೆ ಸಂಬಂಧಿಸಿದ್ದಾಗುತ್ತದೆ. ಪೆಟ್ಟು ಬೀಳುವ ಜಾಗ ಒಂದು, ಅದರ ಬೆಲೆ ತೆರುವ ಜಾಗ ಇನ್ನೊಂದು. ಆದ್ದರಿಂದ ಬ್ರೇಕ್ ಪೈಪಿನ ರಕ್ಷಣೆಯನ್ನು ಚಿಲ್ಲರೆ ದುರಸ್ತಿಯ ಬಾಬತ್ತೆಂದು ನೋಡದೆ ಘಟ್ಟದ ಸುರಕ್ಷತೆಯ ಭಾಗವೆಂದೇ ಪರಿಗಣಿಸಬೇಕು.

2. ಬೇರೆ ಬೇರೆಯಾಗಿ ಬೆಳೆದ ಕಪ್ಲಿಂಗ್ ಮತ್ತು ಬ್ರೇಕ್ ಪೈಪು

ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಏರ್‌ಬ್ರೇಕಿಗೆ ಪೇಟೆಂಟ್ ಪಡೆದರು. ಆ ಮೊದಲ ಬಗೆಯಲ್ಲಿ ಪೈಪಿನೊಳಗೆ ಗಾಳಿ ತುಂಬಿದಾಗ ಬ್ರೇಕ್ ಹಿಡಿಯುತ್ತಿತ್ತು. ಪೈಪು ಹರಿದರೆ ಬ್ರೇಕೇ ಇಲ್ಲ. 1872ರ ಸ್ವಯಂಚಾಲಿತ ಬ್ರೇಕಿನಲ್ಲಿ ಅವರು ಈ ತತ್ತ್ವವನ್ನು ತಿರುಗಿಸಿದರು. ಪೈಪಿನಲ್ಲಿ ಸದಾ ಒತ್ತಡವಿರುತ್ತದೆ, ಪ್ರತಿ ಗಾಡಿಯೂ ತನ್ನದೇ ಗಾಳಿತೊಟ್ಟಿ ಹೊತ್ತಿರುತ್ತದೆ, ಪೈಪಿನ ಒತ್ತಡ ಇಳಿದಾಗ ಬ್ರೇಕ್ ಹಿಡಿಯುತ್ತದೆ. ಹೋಸು ಹರಿದರೆ ಗಾಡಿ ತಾನಾಗಿ ನಿಲ್ಲುವುದು ಈ ಬದಲಾವಣೆಯಿಂದ. ಇಂಥ ಬ್ರೇಕ್ ಏಕೆ ಬೇಕೆಂಬುದಕ್ಕೆ ಐರ್ಲೆಂಡಿನ ಆರ್ಮಾ ಬಳಿ 1889ರ ಜೂನ್ 12ರಂದು ನಡೆದ ದುರಂತ ಸಾಕ್ಷಿ. ಏರಿನಲ್ಲಿ ಬಿಡಿಸಿಟ್ಟ ಬೋಗಿಗಳು ಹಿಂದಕ್ಕೆ ಉರುಳಿ ಮತ್ತೊಂದು ಗಾಡಿಗೆ ಬಡಿದವು. ಅದೇ ವರ್ಷ ಬ್ರಿಟನ್ನಿನ ಕಾಯಿದೆ ಪ್ರಯಾಣಿಕರ ಗಾಡಿಗಳಿಗೆ ನಿರಂತರ, ಸ್ವಯಂಚಾಲಿತ ಬ್ರೇಕನ್ನು ಕಡ್ಡಾಯ ಮಾಡಿತು.

ಈಲೈ ಜ್ಯಾನಿಯ ಸ್ವಯಂಚಾಲಿತ ಕಪ್ಲರ್ ಪೇಟೆಂಟ್ 1873ರದು. 1893ರ ಅಮೆರಿಕದ ಕಾಯಿದೆ ಕಪ್ಲರ್ ಮತ್ತು ಬ್ರೇಕ್ ಎರಡನ್ನೂ ಒಟ್ಟಿಗೇ ಕಡ್ಡಾಯ ಮಾಡಿದರೂ ಎರಡು ಸಾಧನಗಳು ಒಂದಾಗಲಿಲ್ಲ. ಕಪ್ಲರ್ ತಾನಾಗಿ ಕಚ್ಚಿಕೊಳ್ಳುವುದರಿಂದ ಕೆಲಸಗಾರ ಗಾಡಿಗಳ ನಡುವೆ ನುಗ್ಗುವುದು ತಪ್ಪಿತು. ಆದರೆ ಹೋಸ್ ಕೂಡಿಸಲು ಅವನು ಮತ್ತೆ ಅಲ್ಲಿಗೇ ಹೋಗಬೇಕಾಯಿತು. ಜರ್ಮನಿಯ ಕಾರ್ಲ್ ಶಾರ್ಫೆನ್‌ಬರ್ಗ್ 1903ರಲ್ಲಿ ಪೇಟೆಂಟ್ ಪಡೆದ ಕಪ್ಲರಿನ ಪರಂಪರೆಯಲ್ಲಿ ಗಾಳಿಯ ಬಾಯಿಗಳು ಕಪ್ಲರಿನ ಮುಖದಲ್ಲೇ ಕೂತು ತಾವಾಗಿ ಸೇರಿಕೊಳ್ಳುತ್ತವೆ. ಮೆಟ್ರೊ ಗಾಡಿಗಳಲ್ಲಿ ಇಂಥವು ಸಾಮಾನ್ಯ. ನಮ್ಮ ಗೂಡ್ಸ್ ವ್ಯಾಗನ್‌ಗಳಲ್ಲಿ ಮಾತ್ರ ಹೋಸು ಇಂದಿಗೂ ಕಪ್ಲರಿನ ಪಕ್ಕದಲ್ಲಿ, ಅದರ ತಲೆಗಿಂತ ಕೆಳಗೆ ತೂಗುತ್ತದೆ.

ಭಾರತೀಯ ರೈಲ್ವೆ ಬಹುಕಾಲ ವ್ಯಾಕ್ಯೂಮ್ ಬ್ರೇಕನ್ನೇ ನಂಬಿತ್ತು. 1980ರ ದಶಕದಲ್ಲಿ ಬಾಕ್ಸ್‌ಎನ್ ವ್ಯಾಗನ್‌ಗಳೊಂದಿಗೆ ಗೂಡ್ಸ್ ಗಾಡಿಗಳಲ್ಲಿ ಏರ್‌ಬ್ರೇಕ್ ವ್ಯಾಪಕವಾಯಿತು. ಗಾಡಿ ಉದ್ದವಾಯಿತು, ಭಾರ ಹೆಚ್ಚಿತು. ಅಷ್ಟೇ ಪ್ರಮಾಣದಲ್ಲಿ ಕಪ್ಲಿಂಗಿನ ಪೆಟ್ಟೂ ಹೆಚ್ಚಿತು.

3. ವ್ಯಾಗನಿನ ತುದಿಯಲ್ಲಿ ಇರುವುದು

ವ್ಯಾಗನಿನ ಅಡಿಯುದ್ದಕ್ಕೂ 32 ಮಿ.ಮೀ. ಒಳವ್ಯಾಸದ ಉಕ್ಕಿನ ಬ್ರೇಕ್ ಪೈಪು ಸಾಗುತ್ತದೆ. ತುದಿಯಲ್ಲಿ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಆಂಗಲ್ ಕಾಕ್. ಅದರಿಂದ ರಬ್ಬರ್ ಹೋಸು. ಹೋಸಿನ ತುದಿಗೆ ಅಂಗೈಯಾಕಾರದ ಲೋಹದ ತಲೆ. ಎರಡು ತಲೆಗಳನ್ನು ಎದುರುಬದುರು ಹಿಡಿದು ತಿರುಗಿಸಿ ಕೂಡಿಸಿದಾಗ ನಡುವಿನ ರಬ್ಬರ್ ವಾಷರುಗಳು ಒತ್ತಿಕೊಂಡು ಗಾಳಿ ಸೋರದಂತೆ ಹಿಡಿಯುತ್ತವೆ. ಬ್ರೇಕ್ ಪೈಪಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ. ಎರಡು ಪೈಪುಗಳ ಗಾಡಿಗಳಲ್ಲಿ ಜತೆಗಿರುವ ಫೀಡ್ ಪೈಪಿನಲ್ಲಿ ಅದು 6. ಬ್ರೇಕ್ ಪೈಪಿನ ತಲೆಗೆ ಹಸಿರು, ಫೀಡ್ ಪೈಪಿನದಕ್ಕೆ ಬಿಳಿ ಬಣ್ಣ. ಆಂಗಲ್ ಕಾಕಿನ ಹಿಡಿ ಪೈಪಿಗೆ ಸಮಾಂತರವಾಗಿದ್ದರೆ ದಾರಿ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ.

32 ಮಿ.ಮೀ. ಬಾಯಿಯ ವಿಸ್ತಾರ ಸುಮಾರು 8 ಚದರ ಸೆಂ.ಮೀ.; ಅದರ ಮೇಲೆ 5 ಕಿಲೋ ಒತ್ತಡವೆಂದರೆ ಸುಮಾರು 40 ಕಿಲೋಗ್ರಾಂ ಬಲ. ಗಾಳಿ ತುಂಬಿದ ಹೋಸು ಬಿಚ್ಚಿಕೊಂಡರೆ ಅದರ ಲೋಹದ ತಲೆ ಎಷ್ಟು ಜೋರಾಗಿ ಬೀಸಬಹುದೆಂಬುದನ್ನು ಇದರಿಂದ ಅಂದಾಜಿಸಬಹುದು. ಕಾಕ್ ಮುಚ್ಚದೆ ಹೋಸಿಗೆ ಕೈ ಹಾಕಬಾರದೆಂಬ ನಿಯಮದ ಹಿಂದಿರುವುದು ಈ ಬಲ.

4. ಹಾನಿಯ ನಾಲ್ಕು ಬಗೆ

ಮೊದಲನೆಯದು, ಕೂಡುವಾಗಿನ ಹೊಡೆತ. ಬಿಡಿಸಿದ ಹೋಸನ್ನು, ಅದರ ತಲೆ ಸಿಕ್ಕಿಸಿಡಲೆಂದೇ ಇರುವ ಡಮ್ಮಿಗೆ ಸಿಕ್ಕಿಸದೆ ಜೋತುಬಿಟ್ಟರೆ ಅದರ ತಲೆ ಸ್ಲೀಪರಿಗೆ, ಜಲ್ಲಿಗೆ, ಪಾಯಿಂಟಿನ ಕಂಬಿಗೆ ಬಡಿಯುತ್ತ ಸಾಗುತ್ತದೆ. ಎರಡು ಗಾಡಿ ಕೂಡುವಾಗ ಎದುರಿನ ಹೋಸಿಗೋ ಕಪ್ಲರಿಗೋ ಸಿಕ್ಕಿ ಜಜ್ಜುತ್ತದೆ. ತೆರೆದ ಬಾಯಿಯೊಳಗೆ ದೂಳೂ ನೀರೂ ಸೇರುತ್ತವೆ. ಕರ್ನಾಟಕದ ಅತಿ ಹೆಚ್ಚು ಮಳೆ ಬೀಳುವ ತಾಣಗಳಲ್ಲಿ ಒಂದಾದ ಕ್ಯಾಸಲ್‌ರಾಕ್ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯದು, ಬಿಡಿಸುವಾಗಿನ ಜಗ್ಗಾಟ. ಹೋಸನ್ನು ಕೈಯಿಂದ ಬಿಡಿಸದೆ ಕಪ್ಲರ್ ಬಿಚ್ಚಿ ಎಂಜಿನನ್ನು ಮುಂದೆ ತೆಗೆದರೆ ಎಳೆತವೆಲ್ಲ ಹೋಸಿನ ಮೂಲಕ ಆಂಗಲ್ ಕಾಕಿನ ಮರೆಗೆ (ತಿರುಪಿನ ಎಳೆಗೆ), ಪೈಪಿನ ಬ್ರ್ಯಾಕೆಟ್ಟಿಗೆ ಹೋಗುತ್ತದೆ. ತಲೆಗಳು ಕೊನೆಗೆ ಕಳಚಿಕೊಂಡರೂ ಮರೆಯ ಜಾಗದಲ್ಲಿ ಕೂದಲೆಳೆಯ ಬಿರುಕು ಉಳಿಯಬಹುದು.

ಮೂರನೆಯದು, ಅತಿವೇಗದ ಶಂಟಿಂಗ್. ಪೂರ್ತಿ ತುಂಬಿದ ಬಾಕ್ಸ್‌ಎನ್ ವ್ಯಾಗನಿನ ತೂಕ 81.28 ಟನ್. ಅದು ಗಂಟೆಗೆ 5 ಕಿ.ಮೀ. ವೇಗದಲ್ಲಿ ಬಂದರೆ ಅದರ ಚಲನಶಕ್ತಿ ಸುಮಾರು 78 ಕಿಲೋಜೌಲ್, 10 ಕಿ.ಮೀ. ಆದರೆ 314. ನಿಂತಿರುವ ಅಷ್ಟೇ ತೂಕದ ಇನ್ನೊಂದಕ್ಕೆ ಬಡಿದು ಎರಡೂ ಜತೆಯಾಗಿ ಸಾಗಿದರೆ ಇದರ ಅರ್ಧವನ್ನು, ಪೆಟ್ಟು ತಗ್ಗಿಸಲು ಕಪ್ಲರಿನ ಹಿಂದೆ ಕೂರಿಸಿದ ಎರಡು ಡ್ರಾಫ್ಟ್ ಗೇರುಗಳು ನುಂಗಿಕೊಳ್ಳಬೇಕು: ಮೊದಲಲ್ಲಿ 39, ಎರಡನೆಯದರಲ್ಲಿ 157 ಕಿಲೋಜೌಲ್. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟು. ಡ್ರಾಫ್ಟ್ ಗೇರು ತನ್ನ ಮಿತಿಯವರೆಗೂ ಒತ್ತಿಹೋದ ಮೇಲೆ ಉಳಿದದ್ದು ನೇರ ಚೌಕಟ್ಟಿಗೆ, ಅಲ್ಲಿಂದ ಅದಕ್ಕೆ ಬಿಗಿದ ಪೈಪಿಗೆ.

ನಾಲ್ಕನೆಯದು, ಆಂಗಲ್ ಕಾಕಿನ ಹಿಡಿಗೆ ತಗಲುವ ಪೆಟ್ಟು. 1953ರ ಜನವರಿ 15ರಂದು ಬಾಸ್ಟನ್‌ನಿಂದ ವಾಷಿಂಗ್ಟನ್‌ಗೆ ಬರುತ್ತಿದ್ದ ಫೆಡರಲ್ ಎಕ್ಸ್‌ಪ್ರೆಸ್ ಗಾಡಿಯ ಮೂರನೆಯ ಬೋಗಿಯ ಹಿಂಬದಿಯ ಆಂಗಲ್ ಕಾಕ್ ಓಡುತ್ತಿರುವಾಗಲೇ ಮುಚ್ಚಿಕೊಂಡಿತು. ಅದರ ಹಿಡಿ ಕಪ್ಲರಿನ ಎರಕದ ಭಾಗಕ್ಕೆ ತಗಲುವಂತಿದ್ದ ವಿನ್ಯಾಸವೇ ಕಾರಣವೆಂದು ತನಿಖೆ ಕಂಡುಕೊಂಡಿತು. ಎಂಜಿನಿಗೂ ಮೊದಲ ಮೂರು ಬೋಗಿಗಳಿಗೂ ಮಾತ್ರ ಬ್ರೇಕ್ ಹಿಡಿಯಿತು. ಗಾಡಿ ಯೂನಿಯನ್ ಸ್ಟೇಷನ್ನಿನೊಳಗೆ ನುಗ್ಗಿ ಎಂಜಿನು ನೆಲ ಕುಸಿದು ನೆಲಮಾಳಿಗೆಗೆ ಬಿತ್ತು. ಯಾರೂ ಸಾಯಲಿಲ್ಲ. 1988ರ ಜೂನ್ 27ರಂದು ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಲ್ಲಿ, ಕೈತಪ್ಪಿನಿಂದ ಮುಚ್ಚಿದ ಇಂಥದೇ ಕಾಕ್ 56 ಜನರ ಸಾವಿಗೆ ಕಾರಣವಾಯಿತು. ಎರಡೂ ಪ್ರಕರಣಗಳಲ್ಲಿ ಹೋಸಾಗಲಿ ಪೈಪಾಗಲಿ ಹರಿದಿರಲಿಲ್ಲ.

5. ಘಟ್ಟದ ಲೆಕ್ಕ

ಈ ನಾಲ್ಕರಲ್ಲಿ ಹೋಸು ಹರಿಯುವುದು ಕಣ್ಣಿಗೆ ಕಾಣುವ ಹಾನಿ. ಒತ್ತಡ ಇಳಿಯುತ್ತದೆ, ಗಾಡಿ ನಿಲ್ಲುತ್ತದೆ, ಸಿಬ್ಬಂದಿ ಹುಡುಕಿ ಬದಲಾಯಿಸುತ್ತಾರೆ. ಮುಚ್ಚಿದ ಕಾಕಿನದು ಬೇರೆ ಕಥೆ. ಅದರ ಹಿಂದಿನ ಪೈಪಿನಲ್ಲಿ ಒತ್ತಡ ಉಳಿದಿರುವವರೆಗೆ ಹಿಂದಿನ ವ್ಯಾಗನ್‌ಗಳಿಗೆ ಬ್ರೇಕಿನ ಸಂದೇಶವೇ ತಲುಪುವುದಿಲ್ಲ. ಎಂಜಿನಿನ ಮಾಪಕದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

37ಕ್ಕೆ 1ರ ಇಳಿಜಾರಿನಲ್ಲಿ 81.28 ಟನ್ನಿನ ಒಂದೊಂದು ವ್ಯಾಗನನ್ನೂ ಗುರುತ್ವ ಸುಮಾರು 2.2 ಟನ್ ಬಲದಿಂದ ಕೆಳಕ್ಕೆಳೆಯುತ್ತದೆ. ಗಾಲಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ವೇಗ ಪ್ರತಿ ಸೆಕೆಂಡೂ ಸೆಕೆಂಡಿಗೆ 0.265 ಮೀಟರಿನಷ್ಟು ಏರುತ್ತದೆ. ಒಂದು ನಿಮಿಷದಲ್ಲಿ ಗಂಟೆಗೆ 57 ಕಿ.ಮೀ. ಹೆಚ್ಚಳ. ಮಾದರಿಗೆ 40 ವ್ಯಾಗನ್‌ಗಳ ಗಾಡಿಯಲ್ಲಿ ಹತ್ತನೆಯದರ ಹಿಂದಿನ ಕಾಕ್ ಮುಚ್ಚಿದೆ ಎನ್ನೋಣ. ಎಂಜಿನಿನ ಬ್ರೇಕನ್ನು ಬದಿಗಿಟ್ಟರೆ, ಬ್ರೇಕಿರುವ ಪ್ರತಿ ವ್ಯಾಗನೂ ನಾಲ್ಕು ವ್ಯಾಗನ್‌ಗಳ ಭಾರ ತಡೆಯಬೇಕು: 8.8 ಟನ್, ಅಂದರೆ ತನ್ನ ತೂಕದ ಶೇ. 10ಕ್ಕೂ ಮೀರಿದ ಬಲ. ಇದು ವೇಗವನ್ನು ಏರದಂತೆ ಹಿಡಿಯಲಷ್ಟೇ ಸಾಕು. ನಿಲ್ಲಿಸಲು ಇನ್ನೂ ಹೆಚ್ಚು ಬೇಕು. ಹೊತ್ತು ಕಳೆದಂತೆ ಬ್ರೇಕ್ ಬ್ಲಾಕುಗಳು ಕಾದು ಹಿಡಿತ ಕುಗ್ಗುತ್ತದೆ.

ಅರೆಬಿರುಕಿನ ಸೋರಿಕೆ, ಹರಿದ ಹೋಸು ಮತ್ತು ಮುಚ್ಚಿದ ಕಾಕ್ ಇವೆರಡರ ನಡುವಿನದು. ಗೂಡ್ಸ್ ಗಾಡಿಯಲ್ಲಿ ನಿಮಿಷಕ್ಕೆ 0.25 ಕಿಲೋವರೆಗಿನ ಸೋರಿಕೆಗೆ ಅವಕಾಶವಿದೆ. ಮಿತಿಯೊಳಗಿನ ಸೋರಿಕೆಯನ್ನು ಎಂಜಿನಿನ ಕಂಪ್ರೆಸರ್ ತುಂಬಿಕೊಡುತ್ತಿರುವುದರಿಂದ ಗಾಯ ಅಡಗಿಯೇ ಇರುತ್ತದೆ. ಘಟ್ಟದಲ್ಲಿ ಬ್ರೇಕ್ ಹಾಕಿ ಬಿಟ್ಟು ಮಾಡುವಾಗ ಹಿಂದಿನ ವ್ಯಾಗನ್‌ಗಳ ಗಾಳಿತೊಟ್ಟಿ ತುಂಬುವುದು ತಡವಾಗುತ್ತದೆ. ಯಾರ್ಡಿನ ಪರೀಕ್ಷೆಯಲ್ಲಿ ಪಾಸಾದ ಜೋಡಣೆ ಇಳಿಜಾರಿನ ಕುಲುಕಾಟ, ತಿರುವುಗಳ ಎಳೆತದಲ್ಲಿ ಬಾಯಿಬಿಡಬಹುದು.

ಮೇಲೇರುವ ಗಾಡಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಕೂಡಿಸುವುದು, ಘಟ್ಟ ಮುಗಿದ ಮೇಲೆ ಬಿಡಿಸುವುದು ಈ ಮಾರ್ಗದ ನಿತ್ಯದ ಕೆಲಸ. ಹಾಗಾಗಿ ಕೂಡಿಸುವ, ಬಿಡಿಸುವ ಕೆಲಸ ಇಲ್ಲಿ ಘಟ್ಟದ ಅಂಚಿನಲ್ಲೇ ನಡೆಯುತ್ತದೆ. ಬಿಡಿಸುವಾಗ ಪಾಯಿಂಟ್ಸ್‌ಮನ್ ಎರಡೂ ಬದಿಯ ಕಾಕ್ ಮುಚ್ಚಿ, ಹೋಸಿನ ತಲೆಗಳನ್ನು ಮೇಲೆತ್ತಿ ತಿರುಗಿಸಿ ಬಿಡಿಸಿ, ಎರಡನ್ನೂ ಡಮ್ಮಿಗೆ ಸಿಕ್ಕಿಸಿ, ಪಕ್ಕಕ್ಕೆ ಬಂದ ಮೇಲೆ ಕಪ್ಲರಿನ ಹಿಡಿ ಎತ್ತಬೇಕು. ಕೂಡಿಸುವಾಗ ಮೊದಲು ಕಪ್ಲರ್ ಕಚ್ಚಬೇಕು, ಎಳೆದು ನೋಡಬೇಕು, ಆಮೇಲೆ ಹೋಸು, ಕೊನೆಗೆ ಕಾಕನ್ನು ನಿಧಾನವಾಗಿ ತೆರೆಯಬೇಕು. ಮಳೆಯಲ್ಲಿ, ರಾತ್ರಿಯ ಕಂದೀಲಿನ ಬೆಳಕಿನಲ್ಲಿ, ಗಾಡಿ ತಡವಾಗಿದೆಯೆಂಬ ಒತ್ತಡದಲ್ಲಿ ಈ ಸರಣಿಯ ಒಂದು ಹೆಜ್ಜೆ ತಪ್ಪಿದರೂ ಮೇಲೆ ಹೇಳಿದ ಹಾನಿಗಳಲ್ಲಿ ಒಂದಕ್ಕೆ ದಾರಿಯಾಗುತ್ತದೆ. ರಕ್ಷಣೆಯ ವಿನ್ಯಾಸ ಈ ಕೆಲಸಗಾರನ ಸ್ಥಿತಿಯನ್ನು ಗಮನದಲ್ಲಿಟ್ಟೇ ರೂಪುಗೊಳ್ಳಬೇಕು.

6. ರಕ್ಷಣೆಯ ಕ್ರಮ

ಮೇಲಿನ ವಿಶ್ಲೇಷಣೆಯಿಂದ ನಾಲ್ಕು ಸೂತ್ರಗಳು ಹೊರಡುತ್ತವೆ.

ಒಂದು, ಕಪ್ಲಿಂಗಿನ ಬಲ ಸಾಗುವ ದಾರಿಯಲ್ಲಿ ಪೈಪಿನ ಯಾವ ಭಾಗವೂ ಇರಕೂಡದು. ಪೈಪಿನ ತುದಿಯನ್ನು ಕಪ್ಲರಿನ ನಡುಗೆರೆಯಿಂದ ಬದಿಗೆ ಸರಿಸಿ ಚೌಕಟ್ಟಿಗೆ ಭದ್ರವಾಗಿ ಬಿಗಿಯಬೇಕು. ಡ್ರಾಫ್ಟ್ ಗೇರು ಪೂರ್ತಿ ಒತ್ತಿದಾಗಲೂ, ಕಪ್ಲರ್ ತಿರುವಿನಲ್ಲಿ ಒಂದು ಬದಿಗೆ ವಾಲಿದಾಗಲೂ ಕಾಕಿಗೂ ಕಪ್ಲರಿಗೂ ನಡುವೆ ಅಂತರ ಉಳಿಯಬೇಕು. ಈ ಅಂತರವನ್ನು ನಿಂತ ವ್ಯಾಗನಿನಲ್ಲಿ ಅಳೆದರೆ ಸಾಲದು. ಕಪ್ಲರಿನ ಎರಡೂ ತುದಿಸ್ಥಿತಿಗಳಲ್ಲಿ ಅಳೆಯಬೇಕು. ಫೆಡರಲ್ ಎಕ್ಸ್‌ಪ್ರೆಸ್ ಪ್ರಕರಣದ ನೇರ ಪಾಠವಿದು.

ಎರಡು, ಮುರಿಯುವ ಸರದಿಯನ್ನು ಮೊದಲೇ ಗೊತ್ತುಮಾಡಬೇಕು. ಅಸಹಜ ಎಳೆತ ಬಂದಾಗ ಮೊದಲು ತಲೆಗಳು ಕಳಚಬೇಕು, ಅದಾಗದಿದ್ದರೆ ಹೋಸು ಹರಿಯಬೇಕು. ಕಾಕ್, ಉಕ್ಕಿನ ಪೈಪು, ಬ್ರ್ಯಾಕೆಟ್ ಉಳಿಯಬೇಕು. ಅಗ್ಗದ ಭಾಗ ಸೋತು ಗಾಡಿ ನಿಂತರೆ ಅದೇ ಗೆಲುವು. ಹೋಸನ್ನು ಮಾತ್ರ ಬಲಪಡಿಸುತ್ತ ಹೋದರೆ ಎಳೆತವನ್ನು ಒಳಗಿನ, ಕಣ್ಣಿಗೆ ಕಾಣದ ಮರೆಗೆ ದಾಟಿಸಿದಂತಾಗುತ್ತದೆ.

ಮೂರು, ಕಾಕಿನ ಹಿಡಿ ಪೆಟ್ಟಿಗೆ ತಿರುಗದಂತಿರಬೇಕು. ಎತ್ತಿದ ಮೇಲಷ್ಟೇ ತಿರುಗುವ ಸ್ಪ್ರಿಂಗ್ ಹಿಡಿಯ ವಿನ್ಯಾಸ ಇದಕ್ಕೆ ಸರಿಯಾದ ಉತ್ತರ. ಅದರ ಸ್ಪ್ರಿಂಗ್ ಸವೆದಿದೆಯೇ, ಕಚ್ಚು ಉಳಿದಿದೆಯೇ ಎಂಬುದನ್ನು ಪ್ರತಿ ತಪಾಸಣೆಯಲ್ಲೂ ಕೈಯಿಂದ ಎತ್ತಿ ನೋಡಬೇಕು. ಡಮ್ಮಿಯೂ ಇಷ್ಟೇ ಮುಖ್ಯ. ಅದು ಮುರಿದಿರುವ, ಕಾಣೆಯಾಗಿರುವ ವ್ಯಾಗನಿನಲ್ಲಿ ಹೋಸು ಜೋತಾಡುವುದಕ್ಕೆ ಪಾಯಿಂಟ್ಸ್‌ಮನ್‌ನನ್ನು ದೂರಿ ಫಲವಿಲ್ಲ.

ನಾಲ್ಕು, ಗಾಡಿಯ ಜೋಡಣೆ ಬದಲಾದಾಗಲೆಲ್ಲ ಬ್ರೇಕಿನ ನಿರಂತರತೆಯ ಪರೀಕ್ಷೆ ನಡೆಯಬೇಕು. ಎಂಜಿನಿನಲ್ಲಿ ಒತ್ತಡ ಇಳಿಸಿದಾಗ ಕೊನೆಯ ವಾಹನದ ಮಾಪಕವೂ ಇಳಿಯಬೇಕು, ತುಂಬಿದಾಗ ಅಲ್ಲೂ ಏರಬೇಕು. ಮುಚ್ಚಿದ ಕಾಕನ್ನು ಬಯಲಿಗೆಳೆಯುವ ಪರೀಕ್ಷೆಯಿದು. ಬರೀ ಎಂಜಿನಿನ ಮಾಪಕ ನೋಡಿ ಘಟ್ಟ ಇಳಿಯುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಇವುಗಳ ಜತೆಗೆ ದಾಖಲೆಯ ಶಿಸ್ತೊಂದು ಬೇಕು. ಬದಲಾಯಿಸಿದ ಹೋಸು ಎಲ್ಲಿ ಗಾಯಗೊಂಡಿತ್ತು ಎಂಬುದನ್ನು ಬರೆದಿಡಬೇಕು. ತಲೆಯ ಕೆಳಗಂಚು ಸವೆದಿದ್ದರೆ ಅದು ಜೋತುಬಿಟ್ಟದ್ದರ ಗುರುತು. ಕಾಕಿನ ಬುಡದಲ್ಲಿ ರಬ್ಬರ್ ಸೀಳಿದ್ದರೆ ಜಗ್ಗಾಟದ್ದು. ಹೊಟ್ಟೆಯಲ್ಲಿ ಜಜ್ಜಿದ್ದರೆ ಕೂಡುವಾಗಿನ ಪೆಟ್ಟಿನದು. ಮೈಯೆಲ್ಲ ಬಿರಿದಿದ್ದರೆ ವಯಸ್ಸಿನದು. ‘ಹೋಸ್ ಬದಲಿಸಲಾಗಿದೆ’ ಎಂಬ ಒಂದು ಸಾಲು ಈ ಸಾಕ್ಷ್ಯವನ್ನೆಲ್ಲ ಅಳಿಸಿಬಿಡುತ್ತದೆ. ಜಾಗವನ್ನು ಗುರುತಿಸಿದರೆ ದೋಷ ವಿನ್ಯಾಸದ್ದೋ, ಶಂಟಿಂಗಿನದ್ದೋ, ಹಳೆಯ ರಬ್ಬರಿನದ್ದೋ ತಿಳಿಯುತ್ತದೆ. ತಿದ್ದುವ ಕೆಲಸ ಸರಿಯಾದ ಕಡೆ ನಡೆಯುತ್ತದೆ.

7. ಉಪಸಂಹಾರ

ಕಪ್ಲರಿನ ಮುಖದಲ್ಲೇ ಗಾಳಿಯ ಜೋಡಣೆ ಕೂರಿಸಿದ ಗೂಡ್ಸ್ ವ್ಯಾಗನ್‌ಗಳು ಬಂದರೆ ಈ ಸಮಸ್ಯೆಯ ಬಹುಭಾಗ ಕರಗುತ್ತದೆ. ಆದರೆ ದೇಶದ ವ್ಯಾಗನ್‌ಗಳೆಲ್ಲ ಹಾಗೆ ಬದಲಾಗುವುದು ದೀರ್ಘಕಾಲದ ಮಾತು. ಹಳೆಯವೂ ಹೊಸವೂ ಪರಸ್ಪರ ಕೂಡಬೇಕಾದ ತೊಡಕು ಬೇರೆ ಇದೆ. ಅಲ್ಲಿಯವರೆಗೆ ತೂಗುವ ಹೋಸೇ ಘಟ್ಟದ ಗಾಡಿಯ ಆಧಾರ. ಹೋಸಿನ ಖರ್ಚು ಕಡಿಮೆ ಮಾಡುವುದನ್ನೇ ರಕ್ಷಣೆಯ ಅಳತೆಗೋಲಾಗಿ ಇಟ್ಟುಕೊಂಡರೆ ನಾವು ಗಾಡಿ ನಿಲ್ಲಿಸುವ ಹಾನಿಯನ್ನು ತಡೆದು, ಗಾಡಿಯನ್ನು ಓಡಲು ಬಿಡುವ ಹಾನಿಯನ್ನು ಉಳಿಸಿಕೊಂಡಂತೆ. ಮೊದಲ ಆದ್ಯತೆ ಕಾಕಿಗೂ ಪೈಪಿನ ಬುಡಕ್ಕೂ ಸಲ್ಲಬೇಕು, ಆಮೇಲೆ ಹೋಸಿಗೆ. ಕ್ಯಾಸಲ್‌ರಾಕ್‌ನಂಥ ಘಟ್ಟದ ನೆತ್ತಿಯ ನಿಲ್ದಾಣಗಳಲ್ಲಿ ಗಾಯದ ಜಾಗವನ್ನು ನಮೂದಿಸುವ ದಾಖಲೆಯನ್ನು ಮೊದಲು ಆರಂಭಿಸಬಹುದು. ಅದಕ್ಕೆ ಹೊಸ ಯಂತ್ರವೇನೂ ಬೇಡ. ಈಗಿರುವ ತಪಾಸಣೆಯ ಪುಸ್ತಕದಲ್ಲಿ ಒಂದು ಹೆಚ್ಚುವರಿ ಅಂಕಣ ಸಾಕು.