ಪದದ ಜಾಡು – 7: ಮೊಡವೆ, ಮುಳ್ಳು, ಮತ್ತೆ ಒಂದಕ್ಷರದ ತಪ್ಪು

ನಮ್ಮ ಕ್ಲಾಸಿನ ಗ್ರೂಪ್ ಫೋಟೋ ನೆನಪಿದ್ಯಾ? ಹಿಂದಿನ ಸಾಲಿನ ಎಡ ತುದೀಲಿ ಒಂದು ಭುಜ ಮಾತ್ರ ಕಾಣುತ್ತೆ, ಮುಖ ಇಲ್ಲ. ಅದು ನಾನೇ. ಹಿಂದಿನ ರಾತ್ರಿ ಗಲ್ಲದ ಮೇಲೆ ಕೆಂಪಗೆ ಒಂದು ಮೊಡವೆ ಎದ್ದಿತ್ತು. ಕ್ಯಾಮೆರಾ ಕ್ಲಿಕ್ ಅನ್ನೋ ಹೊತ್ತಿಗೆ ಸರಿಯಾಗಿ ಬಗ್ಗಿಬಿಟ್ಟೆ.

ಅದಕ್ಕೇ ಈ ಸಲದ ಪದ: ಆಕ್ನೆ. ಫೇಸ್‌ವಾಶ್ ಡಬ್ಬಿ ಮೇಲೆ ದಿನಾ ನೋಡ್ತೀರಲ್ಲ, ಅದೇ. ನಿಜ ಹೇಳಬೇಕಂದ್ರೆ, ಅದು ಒಂದು ಕಾಪಿ ಮಿಸ್ಟೇಕ್! 😅

ಗ್ರೀಕ್ ಭಾಷೇಲಿ 'ಅಕ್ಮೆ' ಅಂತ ಒಂದು ಪದ ಇದೆ. ಅರ್ಥ ಚೂಪಾದ ತುದಿ, ಶಿಖರ. ಮನುಷ್ಯನ ಆಯಸ್ಸಿನ ಶಿಖರ, ಅಂದ್ರೆ ತುಂಬು ಹರೆಯಕ್ಕೂ ಅದೇ ಪದ. ಮುಖದ ಗುಳ್ಳೆಗೆ ಈ ಹೆಸರು ಬಂದಿದ್ದು ಅದರ ಚೂಪು ತುದಿಯಿಂದಲೋ, ಅದು ಬರೋ ವಯಸ್ಸಿನಿಂದಲೋ? ಎರಡೂ ರೀತಿ ವಿವರಿಸುವವರಿದ್ದಾರೆ.

6ನೇ ಶತಮಾನದಲ್ಲಿ ಏಟಿಯಸ್ ಅನ್ನೋ ವೈದ್ಯ ಇದ್ದ. ಊರು ಅಮಿಡಾ, ಅಂದ್ರೆ ಈಗಿನ ಟರ್ಕಿಯ ದಿಯಾರ್‌ಬಕಿರ್. 16 ಭಾಗಗಳ ದೊಡ್ಡ ವೈದ್ಯಗ್ರಂಥ ಬರೆದವನು. ಆಗ ಪ್ರಿಂಟಿಂಗ್ ಎಲ್ಲಿತ್ತು? ಕೈಯಲ್ಲೇ ನಕಲು ಮಾಡಬೇಕು. ಅವನ ಗ್ರಂಥದ ನಕಲಿನಲ್ಲಿ 'ಮ' ಇರಬೇಕಾದ ಕಡೆ 'ನ' ಬಿತ್ತು. ಅಕ್ಮೆ ಹೋಗಿ ಅಕ್ನೆ ಆಯ್ತು. ನಗಬೇಡಿ, ನಾವೂ ನೋಟ್ಸ್ ಕಾಪಿ ಮಾಡುವಾಗ 'ವರ'ನನ್ನ 'ಮರ' ಮಾಡಿದವರೇ!

ಆ ತಪ್ಪನ್ನ ಯಾರೂ ತಿದ್ದಲಿಲ್ಲ. 1813ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಬೇಟ್‌ಮನ್ ಚರ್ಮರೋಗಗಳ ಪುಸ್ತಕ ತಂದಾಗಲೂ ಅದರಲ್ಲಿ ಇದ್ದಿದ್ದು ಆಕ್ನೆನೇ. ಇವತ್ತು ಮೊಡವೆಗೆ ಸಂಬಂಧಪಟ್ಟ ಬ್ಯಾಕ್ಟೀರಿಯಾದ ಹೆಸರು ಕೂಡ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್. ಯಾರದೋ ಕೈತಪ್ಪು ಸೂಕ್ಷ್ಮಜೀವಿಯ ಹೆಸರಿಗೂ ಅಂಟಿಕೊಂಡಿತು ನೋಡಿ.

ಈಗ ನಮ್ಮ ಕಡೆ ಬನ್ನಿ. ಸುಶ್ರುತ ಸಂಹಿತೆಯಲ್ಲಿ ಇದರ ಹೆಸರು 'ಮುಖದೂಷಿಕಾ', ಅಂದ್ರೆ ಮುಖ ಕೆಡಿಸುವಂಥದ್ದು. ಹೆಸರಲ್ಲೇ ಬೈಗುಳ! ಆದ್ರೆ ವಿವರಣೆ ಚೆನ್ನಾಗಿದೆ: ಹರೆಯದವರ ಮುಖದಲ್ಲಿ ಶಾಲ್ಮಲಿಯ ಮುಳ್ಳಿನ ಹಾಗೆ ಏಳುತ್ತೆ ಅಂತ. ಶಾಲ್ಮಲಿ ಅಂದ್ರೆ ನಮ್ಮ ಬೂರುಗದ ಮರ. ಎಳೆ ಬೂರುಗದ ಕಾಂಡ ನೋಡಿದ್ರೆ ಗೊತ್ತಾಗುತ್ತೆ, ಬುಡ ಅಗಲ, ತುದಿ ಚೂಪು. ಗ್ರೀಕರಿಗೆ ಶಿಖರ, ಇಲ್ಲಿಯವರಿಗೆ ಮುಳ್ಳು. ಎರಡೂ ಕಡೆ ಕಣ್ಣಿಗೆ ಬಿದ್ದಿದ್ದು ಒಂದೇ ಆಕಾರ, ಒಂದೇ ವಯಸ್ಸು.

ಇನ್ನೊಂದು ವಿಷಯ. ಸುಶ್ರುತ ಸಂಹಿತೆ ಇದನ್ನ ಸೇರಿಸಿದ್ದು 'ಕ್ಷುದ್ರರೋಗ'ಗಳ ಪಟ್ಟಿಗೆ, ಅಂದ್ರೆ ಸಣ್ಣಪುಟ್ಟ ಕಾಯಿಲೆಗಳು. 1ನೇ ಶತಮಾನದ ರೋಮಿನ ಸೆಲ್ಸಸ್ ಅಂತೂ ಇದಕ್ಕೆಲ್ಲಾ ಮದ್ದು ಮಾಡೋದೇ ಒಂಥರಾ ಹುಚ್ಚು ಅಂದ. ಆದ್ರೂ ಹೆಂಗಸರು ಅಂದದ ಕಾಳಜಿ ಬಿಡಲ್ಲ ಅಂತ ಗೊಣಗಿಕೊಂಡು ಮದ್ದು ಬರೆದೇ ಬರೆದ! ಗಂಡುಮಕ್ಕಳಿಗೂ ಬರುತ್ತೆ, ಅವರಿಗೂ ನೋವಾಗುತ್ತೆ ಅನ್ನೋದು ಅವನಿಗೆ ಹೊಳೆದ ಹಾಗಿಲ್ಲ.

ದೊಡ್ಡವರಿಗೆ ಇದು ಯಾವತ್ತೂ 'ಅಷ್ಟೇ ತಾನೇ'. ಕನ್ನಡಿ ಮುಂದೆ ನಿಂತವರಿಗೆ ಅಲ್ಲ. ನಾನು ಬಗ್ಗಿದ್ದು ಒಂದೇ ಕ್ಷಣ, ಆದ್ರೆ ಆ ಫೋಟೋದಲ್ಲಿ ನಾನು ಯಾವತ್ತೂ ಇರಲ್ಲ.

ನಡೆಯೋದು ಇಷ್ಟೇ: ಹರೆಯದ ಹಾರ್ಮೋನಿನಿಂದ ಚರ್ಮದ ಗ್ರಂಥಿಗಳು ಜಾಸ್ತಿ ಎಣ್ಣೆ ಬಿಡುತ್ತವೆ, ರಂಧ್ರ ಕಟ್ಟಿಕೊಳ್ಳುತ್ತೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಕೆಂಪಗೆ ಊದುತ್ತೆ. ಕೊಳಕು ಅಂತಲ್ಲ, ನಿಮ್ಮ ತಪ್ಪೂ ಅಲ್ಲ. ಚಿವುಟಬೇಡಿ, ಕಲೆ ಉಳಿಯುತ್ತೆ. ಜಾಸ್ತಿ ಆದ್ರೆ ಚರ್ಮದ ಡಾಕ್ಟರ್ ಹತ್ರ ಹೋಗಿ, ಮದ್ದು ಇದೆ.

ಮುಂದಿನ ಸಲ ಯಾರಾದ್ರೂ 'ಏನೋ ಮುಖದ ಮೇಲೆ?' ಅಂದ್ರೆ, 'ಶಿಖರ, ಸ್ಪೆಲಿಂಗ್ ಮಿಸ್ಟೇಕ್ ಆಗಿದೆ' ಅಂತ ಹೇಳಿ. ಫೋಟೋಗೆ ಮಾತ್ರ ಬಗ್ಗಬೇಡಿ. 🙂

ನಿಮ್ಮೂರಲ್ಲಿ ಮೊಡವೆಗೆ ಬೇರೆ ಹೆಸರಿದ್ಯಾ? ಕಾಮೆಂಟಲ್ಲಿ ಬರೀರಿ 👇

#ಪದದಜಾಡು #ಮೊಡವೆ #ಕನ್ನಡ