ಸಂಧಾಯ ಸಂಭಾಷೆ: ರಷ್ಯ ದೇಶದ ಐವರು ಸಂಗೀತ ರಚನಕಾರರ ವೃತ್ತಾಂತ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ವೈದ್ಯನು ತನ್ನ ವಿದ್ಯೆಯನ್ನೇ ಬಲ್ಲ ಇನ್ನೊಬ್ಬನೊಡನೆ ನಡೆಸಬೇಕಾದ ಸಂಭಾಷಣೆಯ ವಿಷಯವಾಗಿ ಒಂದು ವಿಚಾರವುಂಟು. ಅದು ಎರಡು ಬಗೆಯದು: ಸಂಧಾಯ ಸಂಭಾಷೆ, ವಿಗೃಹ್ಯ ಸಂಭಾಷೆ. ಮೊದಲನೆಯದು ಸ್ನೇಹದಿಂದ ಕೂಡಿ ಮಾಡುವುದು. ಎರಡನೆಯದು ಎದುರುಬಿದ್ದು ಮಾಡುವುದು. ಸಂಧಾಯ ಸಂಭಾಷೆಯಲ್ಲಿ ಕೇಳುವವನು ಅಂಜದೆ ಕೇಳಬೇಕು, ಹೇಳುವವನು ಮುಚ್ಚುಮರೆಯಿಲ್ಲದೆ ಹೇಳಬೇಕು, ಸೋತೇನೆಂದು ಕಳವಳಪಡಬಾರದು, ಗೆದ್ದವನು ಹಿಗ್ಗಬಾರದು, ಹೊರಗೆ ಹೋಗಿ ಪರರ ಮುಂದೆ ಕೊಚ್ಚಿಕೊಳ್ಳಲೂ ಬಾರದು. ನಾನು ಪಾಠಶಾಲೆಯಲ್ಲಿದ್ದಾಗ ಆಯುರ್ವೇದವನ್ನೋದುತ್ತಿದ್ದ ಮಿತ್ರನೊಬ್ಬನು ಇದನ್ನು ನನಗೆ ಓದಿ ಹೇಳಿದನು. ವೈದ್ಯರಿಗೆ ಮಾತ್ರ ಸಲ್ಲುವ ಶಿಷ್ಟಾಚಾರವಿದೆಂದು ನಾನು ಭಾವಿಸಿದೆನು. ಅರುವತ್ತು ದಾಟಿದ ಮೇಲೆ, ರಷ್ಯ ದೇಶದ ಸಂಗೀತ ಚರಿತ್ರೆಯನ್ನು ವಿರಾಮದಲ್ಲಿ ಓದುತ್ತಿರುವಾಗ, ಆ ಮಾತಿನ ನಿಜವಾದ ಬೆಲೆ ನನಗೆ ತಿಳಿಯಿತು. ಆ ವೃತ್ತಾಂತವನ್ನೇ ವಾಚಕರಿಗೆ ಇಲ್ಲಿ ನಿವೇದಿಸುತ್ತೇನೆ.

ರಷ್ಯದ ವಾದ್ಯಸಂಗೀತದಿಂದ ನಮ್ಮ ಜಿಲ್ಲೆಯವರಿಗೆ ಆಗಬೇಕಾದುದೇನೆಂದು ಕೆಲವರು ಕೇಳಬಹುದು. ಅದು ನಮಗೆ ತೀರ ಪರಕೀಯವೇನೂ ಅಲ್ಲ. ಲಂಡನ್ನಿನಲ್ಲಿ ನೆಲಸಿದ್ದ ನಿಕೊಲಾಯ್ ಮೆಟ್ನರನೆಂಬ ರಷ್ಯದ ರಚನಕಾರನ ಕೃತಿಗಳು ಧ್ವನಿಮುದ್ರಿತವಾಗುವಂತೆ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರವರು ೧೯೪೦ರ ದಶಕದ ಕೊನೆಯಲ್ಲಿ ದ್ರವ್ಯವನ್ನೊದಗಿಸಿದರು. ಆತನು ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದನು. ಆದರೆ ನಾನು ಹೇಳಹೊರಟಿರುವುದು ಅರಮನೆಯ ಮಾತಲ್ಲ. ಹಗಲೆಲ್ಲ ಬೇರೆ ಉದ್ಯೋಗವನ್ನು ಮಾಡಿ, ಉಳಿದ ವೇಳೆಯಲ್ಲಿ ಬರೆದು, ಬರೆದುದನ್ನು ಮಿತ್ರರಿಗೆ ತೋರಿಸಿದವರ ಮಾತು. ನಮ್ಮ ಸಂಘದಲ್ಲಿ ಹಸ್ತಪ್ರತಿಗಳನ್ನು ತಂದು ಓದುವವರು ಬಹುಮಟ್ಟಿಗೆ ಇಂತಹವರೇ ಅಲ್ಲವೆ?

ಮೊದಲು ಒಂದು ಕಷ್ಟವನ್ನು ಅರಿಯಬೇಕು. ನಮ್ಮ ವಾಗ್ಗೇಯಕಾರನು ಕೃತಿಯನ್ನು ರಚಿಸಿದರೆ ತಂಬೂರಿಯನ್ನು ಮೀಟಿ ತಾನೇ ಹಾಡಿ ಕೇಳಬಲ್ಲನು. ಪಾಶ್ಚಾತ್ಯರ ವಾದ್ಯಮೇಳದ ರಚನೆ ಹಾಗಲ್ಲ. ಪಿಟೀಲಿನ ಜಾತಿಯ ತಂತಿವಾದ್ಯಗಳು, ಮರದ ಸುಷಿರವಾದ್ಯಗಳು, ಹಿತ್ತಾಳೆಯ ಕಹಳೆಗಳು, ಭೇರಿಗಳು, ಹೀಗೆ ಐವತ್ತು ಅರುವತ್ತು ಮಂದಿ ಒಂದೇ ಕಾಲದಲ್ಲಿ ಬೇರೆಬೇರೆ ಸ್ವರಗಳನ್ನು ನುಡಿಸುವರು. ಯಾರು ಯಾವಾಗ ಏನನ್ನು ನುಡಿಸಬೇಕೆಂಬುದನ್ನು ರಚನಕಾರನು ಕಾಗದದ ಮೇಲೆ ಬರೆದಿಡಬೇಕು. ಮೇಳ ಕೂಡುವವರೆಗೆ ತನ್ನ ಕೃತಿಯನ್ನು ಆತನು ಮನಸ್ಸಿನ ಕಿವಿಯಿಂದಲ್ಲದೆ ಕೇಳಲಾರನು. ಹೆಚ್ಚೆಂದರೆ, ಇಬ್ಬರು ಒಂದೇ ಪಿಯಾನೊ ಮುಂದೆ ಕುಳಿತು ನಾಲ್ಕು ಕೈಗಳಿಂದ ಅದರ ಛಾಯೆಯನ್ನು ನುಡಿಸಿ ನೋಡಬಹುದು. ಮೇಳವನ್ನು ಕರೆಸುವ ಹಣವೂ ಅಧಿಕಾರವೂ ಇಲ್ಲದ ಹವ್ಯಾಸಿಗೆ ಪರರ ಕಿವಿಯೇ ಗತಿ.

೧೮೫೫ರಲ್ಲಿ ಮಿಲಿ ಬಲಾಕಿರೆವನೆಂಬ ಯುವಕನು ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದನು. ಕಜಾನಿನ ವಿಶ್ವವಿದ್ಯಾಲಯದಲ್ಲಿ ಗಣಿತವನ್ನೋದಿದ್ದ ಆತನು ಸಂಗೀತವನ್ನು ಬಹುಪಾಲು ಸ್ವಪ್ರಯತ್ನದಿಂದಲೇ ಕಲಿತವನು. ಪಿಯಾನೊ ಪಾಠ ಹೇಳಿ ಜೀವಿಸುತ್ತಿದ್ದನು. ಆತನ ಸುತ್ತ ನಾಲ್ವರು ಸೇರಿದರು. ಸೆಜಾರ್ ಕ್ಯುಯಿ ಕೋಟೆಕೊತ್ತಲಗಳ ಶಾಸ್ತ್ರವನ್ನು ಬಲ್ಲ ಸೈನ್ಯದ ಇಂಜಿನಿಯರು. ಮೊದೆಸ್ತ್ ಮುಸೋರ್ಗ್‌ಸ್ಕಿ ರಕ್ಷಕದಳದ ಅಧಿಕಾರಿಯಾಗಿದ್ದು, ೧೮೫೮ರಲ್ಲಿ ಅದನ್ನು ಬಿಟ್ಟು, ಮುಂದೆ ಸರ್ಕಾರದ ಕಚೇರಿಯಲ್ಲಿ ಗುಮಾಸ್ತೆಗಿರಿ ಮಾಡಿದವನು. ೧೮೬೧ರಲ್ಲಿ ಬಂದ ನಿಕೊಲಾಯ್ ರಿಮ್‌ಸ್ಕಿ-ಕೊರ್ಸಕೋವ್ ನೌಕಾಶಾಲೆಯ ವಿದ್ಯಾರ್ಥಿ. ೧೮೬೨ರಲ್ಲಿ ಬಂದ ಅಲೆಕ್ಸಾಂದರ್ ಬೊರೊದಿನ್ ವೈದ್ಯನೂ ರಸಾಯನಶಾಸ್ತ್ರಜ್ಞನೂ ಆದವನು. ಸ್ವಲ್ಪ ಕಾಲದಲ್ಲಿಯೇ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾದನು. ಗುರುಸ್ಥಾನದಲ್ಲಿದ್ದ ಬಲಾಕಿರೆವನಿಗೆ ಆಗ ಇಪ್ಪತ್ತೈದು ವರ್ಷ! ಸಾರ್ವಜನಿಕ ಪುಸ್ತಕಾಲಯದಲ್ಲಿ ಕೆಲಸಕ್ಕಿದ್ದ ಸ್ತಾಸೊವನೆಂಬ ವಿಮರ್ಶಕನು ೧೮೬೭ರಲ್ಲಿ ಒಂದು ಕಚೇರಿಯ ಪ್ರಸಂಗದಲ್ಲಿ 'ಬಲಿಷ್ಠವಾದ ಪುಟ್ಟ ಗುಂಪು' ಎಂಬ ಅರ್ಥದ ಮಾತನ್ನು ಬರೆದನು. ಆ ಹೆಸರು ಮುಂದೆ ಈ ಐವರಿಗೆ ಅಂಟಿಕೊಂಡಿತು.

ಆಂಟನ್ ರುಬಿನ್‌ಸ್ಟೈನನು ೧೮೬೨ರಲ್ಲಿ ಅದೇ ನಗರದಲ್ಲಿ ಸಂಗೀತದ ಮಹಾಶಾಲೆಯನ್ನು ಸ್ಥಾಪಿಸಿ, ವೃತ್ತಿಪರರನ್ನು ತಯಾರಿಸತೊಡಗಿದ್ದನು. ಅದೇ ವರ್ಷ ಬಲಾಕಿರೆವನು ಲೊಮಾಕಿನನೊಡನೆ ಸೇರಿ ಉಚಿತ ಸಂಗೀತಶಾಲೆಯನ್ನು ತೆರೆದನು. ಅದರ ಕಚೇರಿಗಳಿಂದ ಈ ಗುಂಪಿನವರಿಗೆ ಮೇಳವೊಂದು ದೊರಕಿತು. ಆದರೆ ನಿಜವಾದ ಶಾಲೆ ಇದ್ದುದು ಗೆಳೆಯರ ಮನೆಗಳಲ್ಲಿ. ಸಂಜೆ ಕೂಡುವರು, ಒಬ್ಬನು ತಾನು ಬರೆದ ತುಣುಕನ್ನು ಇಡುವನು, ಬಲಾಕಿರೆವನು ಪಿಯಾನೊ ಮೇಲೆ ಅದನ್ನು ನುಡಿಸಿ, ಈ ನಾಲ್ಕು ಆವರ್ತಗಳು ಚೆನ್ನಾಗಿವೆ, ಮುಂದಿನವು ಸಪ್ಪೆ, ಈ ಸಂಧಿ ಸರಿ, ಆ ಧಾಟಿ ಬೇಡ ಎಂದು ಬಿಡಿಬಿಡಿಯಾಗಿ ಪರೀಕ್ಷಿಸುವನು, ಅಲ್ಲಲ್ಲಿಯೇ ತಿದ್ದಿ ನುಡಿಸಿಯೂ ತೋರುವನು. ಸೂತ್ರ, ಲಕ್ಷಣ, ಪರಿಭಾಷೆ ಎಂಬ ಮಾತೇ ಅಲ್ಲಿರಲಿಲ್ಲ. ಲಕ್ಷ್ಯವೇ ಲಕ್ಷಣವಾಗಿತ್ತು.

ಇದರ ಫಲವನ್ನು ನೋಡಿರಿ. ರಿಮ್‌ಸ್ಕಿ-ಕೊರ್ಸಕೋವನು ೧೮೬೨ರಲ್ಲಿ 'ಅಲ್ಮಾಜ್' ಎಂಬ ಹಡಗನ್ನೇರಿ ಸುಮಾರು ಮೂರು ವರ್ಷ ಸಮುದ್ರದ ಮೇಲಿದ್ದನು. ಹಡಗು ಇಂಗ್ಲೆಂಡಿನಲ್ಲಿ ನಿಂತಿದ್ದಾಗ ತನ್ನ ಪ್ರಥಮ ಸಿಂಫೊನಿಯ ನಿಧಾನಗತಿಯ ಭಾಗವನ್ನು ಬರೆದು ಅಂಚೆಯಲ್ಲಿ ಬಲಾಕಿರೆವನಿಗೆ ಕಳುಹಿಸಿದನು. ತಿದ್ದುಪಡಿಗಳೂ ಅಂಚೆಯಲ್ಲಿಯೇ ಬಂದವು. ೧೮೬೫ರ ಡಿಸೆಂಬರಿನಲ್ಲಿ ಬಲಾಕಿರೆವನು ಅದನ್ನು ಉಚಿತ ಶಾಲೆಯ ಕಚೇರಿಯಲ್ಲಿ ನುಡಿಸಿದಾಗ, ಕೃತಿಕಾರನೆಂದು ವೇದಿಕೆಗೆ ಬಂದು ನಮಸ್ಕರಿಸಿದವನು ನೌಕಾಪಡೆಯ ಉಡುಪಿನಲ್ಲಿದ್ದ ಇಪ್ಪತ್ತೊಂದರ ಯುವಕ. ಸಭಿಕರು ಬೆರಗಾದರಂತೆ.

ಬೊರೊದಿನನ ಕಥೆ ಇನ್ನೂ ಸ್ವಾರಸ್ಯವಾದುದು. ಆತನಿಗೆ ಬಿಡುವೇ ಇಲ್ಲ. ಕಾಯಿಲೆ ಬಿದ್ದು ಉಪನ್ಯಾಸಕ್ಕೆ ಹೋಗಲಾರದ ದಿನಗಳೇ ಸಂಗೀತದ ದಿನಗಳು. ಪ್ರಥಮ ಸಿಂಫೊನಿಗೆ ಸುಮಾರು ಐದು ವರ್ಷ ಹಿಡಿಯಿತು. ೧೮೬೯ರಲ್ಲಿ ಅದು ಸಭೆಯ ಮುಂದೆ ಬಂದಿತು. ಎರಡನೆಯ ಸಿಂಫೊನಿ ೧೮೭೭ರಲ್ಲಿ ಸೋತಿತು. ವೇಗದ ಭಾಗದಲ್ಲಿ ಹಿತ್ತಾಳೆಯ ವಾದ್ಯಗಳಿಗೆ ಹೊರೆ ಅತಿಯಾಗಿ, ಓಟಕ್ಕೆ ಭಂಗವಾಗಿತ್ತು. ಬೊರೊದಿನನು ಯಾರನ್ನೂ ದೂರಲಿಲ್ಲ. ರಿಮ್‌ಸ್ಕಿ-ಕೊರ್ಸಕೋವನೊಡನೆ ವಿಚಾರಮಾಡಿ ಆ ಹೊರೆಯನ್ನು ಇಳಿಸಿದನು. ೧೮೭೯ರಲ್ಲಿ ಆ ಮಿತ್ರನೇ ಮೇಳವನ್ನು ನಡೆಸಿ ಕೃತಿಯನ್ನು ಗೆಲ್ಲಿಸಿದನು. ಪ್ರಯೋಗವು ತಪ್ಪಿದರೆ ಪಾತ್ರೆಯನ್ನು ಒಡೆಯದೆ ಪ್ರಮಾಣವನ್ನು ತಿದ್ದುವ ರಸಾಯನಜ್ಞನ ಬುದ್ಧಿ ಅದು.

ಹವ್ಯಾಸಿಗಳ ಗುಂಪಿನಿಂದ ವೃತ್ತಿಪರನಿಗೂ ಉಪಕಾರವಾಯಿತು. ಮಹಾಶಾಲೆಯಲ್ಲಿ ಕ್ರಮವಾಗಿ ಕಲಿತು ಮಾಸ್ಕೋದಲ್ಲಿ ಅಧ್ಯಾಪಕನಾಗಿದ್ದ ಚೈಕೋವ್‌ಸ್ಕಿಗೆ 'ರೋಮಿಯೊ ಮತ್ತು ಜೂಲಿಯೆಟ್' ಎಂಬ ವಸ್ತುವನ್ನು ೧೮೬೯ರಲ್ಲಿ ಸೂಚಿಸಿದವನು ಬಲಾಕಿರೆವನು. ಚೈಕೋವ್‌ಸ್ಕಿ ತನ್ನ ಧಾಟಿಗಳನ್ನು ಕಳುಹಿಸಿದಾಗ, ಪ್ರೇಮದ ಧಾಟಿಯನ್ನು ಬಾಯಿತುಂಬ ಹೊಗಳಿ, ಆರಂಭದ ಧಾಟಿ ಪ್ರಸಂಗಕ್ಕೆ ಹೊಂದದೆಂದು ಖಂಡಿತವಾಗಿ ಬರೆದನು. ಕಲಿತವನೆಂಬ ಅಭಿಮಾನವನ್ನು ಬದಿಗಿಟ್ಟು ಚೈಕೋವ್‌ಸ್ಕಿ ೧೮೭೦ರಲ್ಲಿ ಹೊಸ ಪೀಠಿಕೆಯನ್ನೇ ಬರೆದನು. ಕೃತಿಯನ್ನು ಬಲಾಕಿರೆವನಿಗೆ ಅರ್ಪಿಸಿದನು. ೧೮೮೦ರಲ್ಲಿ ಮತ್ತೊಮ್ಮೆ ತಿದ್ದಿದನು. ಇಂದಿಗೂ ಲೋಕವು ಕೇಳುವುದು ಆ ತಿದ್ದಿದ ರೂಪವನ್ನೇ.

ಇಲ್ಲಿಯವರೆಗೆ ಸಂಧಾಯ ಸಂಭಾಷೆ. ಇನ್ನು ಅದು ಕೆಟ್ಟ ಬಗೆಯನ್ನು ಹೇಳದೆ ಬಿಡುವುದು ಚರಿತ್ರಕಾರನ ಧರ್ಮವಲ್ಲ.

ಬಲಾಕಿರೆವನ ಕಿವಿ ಸೂಕ್ಷ್ಮ. ಆದರೆ ಕೈ ಬಿಗಿ. ತನ್ನ ರುಚಿಯೇ ಪ್ರಮಾಣವೆಂಬ ಭಾವ ಆತನಲ್ಲಿ ವರ್ಷವರ್ಷಕ್ಕೂ ಬೆಳೆಯಿತು. ಮುಸೋರ್ಗ್‌ಸ್ಕಿ ೧೮೬೭ರಲ್ಲಿ, ಬೋಳುಗುಡ್ಡದ ಮೇಲೆ ಮಾಟಗಾತಿಯರು ಕೂಡುವ ರಾತ್ರಿಯನ್ನು ವರ್ಣಿಸುವ ಮೇಳಕೃತಿಯೊಂದನ್ನು ಬರೆದು ಮುಗಿಸಿದನು. ಬಲಾಕಿರೆವನಿಗೆ ಅದು ಒರಟಾಗಿ ತೋರಿತು, ತಿದ್ದದೆ ನುಡಿಸುವಂತಿಲ್ಲವೆಂದನು. ನುಡಿಸಿದರೂ ಸರಿ, ಬಿಟ್ಟರೂ ಸರಿ, ತಿದ್ದಲಾರೆನೆಂದು ಮುಸೋರ್ಗ್‌ಸ್ಕಿ ಪತ್ರ ಬರೆದನು. ಬಲಾಕಿರೆವನು ನುಡಿಸಲಿಲ್ಲ. ೧೮೮೧ರಲ್ಲಿ ನಲವತ್ತೆರಡನೆಯ ವಯಸ್ಸಿನಲ್ಲಿ ಮುಸೋರ್ಗ್‌ಸ್ಕಿ ತೀರಿಕೊಂಡನು. ತನ್ನ ಆ ಕೃತಿಯನ್ನು ಮೇಳದಲ್ಲಿ ಆತನು ಒಮ್ಮೆಯೂ ಕೇಳಲಿಲ್ಲ. ೧೮೮೬ರಲ್ಲಿ ಲೋಕವು ಕೇಳಿದುದು ರಿಮ್‌ಸ್ಕಿ-ಕೊರ್ಸಕೋವನು ನಯಗೊಳಿಸಿದ ರೂಪ. ಮೂಲವು ಅಚ್ಚಾದುದು ೧೯೬೮ರಲ್ಲಿ, ನೂರೊಂದು ವರ್ಷಗಳ ಮೇಲೆ! ಆಗ ಅನೇಕರಿಗೆ, ಯಾವುದನ್ನು ದೋಷವೆಂದು ಕರೆದಿದ್ದರೋ ಅದೇ ಆ ಕೃತಿಯ ಜೀವವಾಗಿ ಕಂಡಿತು.

ಕ್ಯುಯಿಯ ಮಾತು ಬೇರೆ. ಆತನು ೧೮೬೪ರಿಂದ ಪತ್ರಿಕೆಯಲ್ಲಿ ಸಂಗೀತ ವಿಮರ್ಶೆ ಬರೆಯುತ್ತಿದ್ದನು. ಮುಸೋರ್ಗ್‌ಸ್ಕಿಯ 'ಬೊರಿಸ್ ಗೊದುನೋವ್' ಎಂಬ ಸಂಗೀತ ನಾಟಕವು ಗೆಳೆಯರ ಗೋಷ್ಠಿಗಳಲ್ಲಿಯೇ ಕೇಳಿಬಂದು ಬೆಳೆದದ್ದು. ೧೮೭೪ರಲ್ಲಿ ಅದು ರಂಗಕ್ಕೆ ಬಂದಾಗ, ಅದೇ ಗೋಷ್ಠಿಯ ಕ್ಯುಯಿ ಪತ್ರಿಕೆಯಲ್ಲಿ, ಇದು ಆತುರದಿಂದಲೂ ಸ್ವತೃಪ್ತಿಯಿಂದಲೂ ಬರೆದ ಕೃತಿಯೆಂದು ಊರಿಗೆಲ್ಲ ಸಾರಿದನು. ಶತ್ರುಗಳ ಟೀಕೆಗಿಂತ ಇದು ಮುಸೋರ್ಗ್‌ಸ್ಕಿಯನ್ನು ಹೆಚ್ಚು ನೋಯಿಸಿತು. ಕೊಠಡಿಯೊಳಗೆ ಹೇಳಿದ್ದರೆ ಔಷಧವಾಗಬಹುದಾಗಿದ್ದ ಮಾತು ಬೀದಿಯಲ್ಲಿ ವಿಷವಾಯಿತು. ೧೮೯೭ರಲ್ಲಿ, ಅಭ್ಯಾಸ ಸಾಲದ ಮೇಳವೊಂದು ಇಪ್ಪತ್ಮೂರು ವರ್ಷದ ರಖ್ಮಾನಿನೊವನ ಪ್ರಥಮ ಸಿಂಫೊನಿಯನ್ನು ಕೆಡಿಸಿದಾಗಲೂ, ಕ್ರೂರವಾದ ಹಾಸ್ಯದಿಂದ ಆತನನ್ನು ಕಟುವಾಗಿ ಹಳಿದವನು ಈ ಕ್ಯುಯಿಯೇ. ಆ ಯುವಕನು ಸುಮಾರು ಮೂರು ವರ್ಷ ಹೇಳಿಕೊಳ್ಳುವಂತಹ ಏನನ್ನೂ ರಚಿಸಲಾರದೆ ಹೋದನು. ಆ ಸಿಂಫೊನಿ ಮತ್ತೆ ಕೇಳಿಬಂದುದು ೧೯೪೫ರಲ್ಲಿ. ಆಗ ಅದನ್ನು ಬರೆದವನು ಸತ್ತು ಎರಡು ವರ್ಷವಾಗಿತ್ತು.

ಹಾಗಾದರೆ ಶಾಸ್ತ್ರವನ್ನು ಕಲಿಯದ ಗೆಳೆಯರ ಸಹವಾಸವೇ ಕೆಟ್ಟದ್ದೆಂದು ತಿಳಿಯಬಾರದು. ೧೮೭೧ರಲ್ಲಿ ರಿಮ್‌ಸ್ಕಿ-ಕೊರ್ಸಕೋವನನ್ನು ಮಹಾಶಾಲೆಯವರು ಪ್ರಾಧ್ಯಾಪಕನನ್ನಾಗಿ ಕರೆದರು. ಹೊರಗೆ ಕೀರ್ತಿವಂತನಾದರೂ ಸ್ವರಸಮೂಹಗಳ ಶಾಸ್ತ್ರೀಯ ನಾಮಗಳೇ ತನಗೆ ಸರಿಯಾಗಿ ತಿಳಿಯದಿದ್ದುವೆಂದು ಆತನೇ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ನಾಚಿ ಓಡಿಹೋಗದೆ, ಶಿಷ್ಯರಿಗಿಂತ ಒಂದು ಹೆಜ್ಜೆ ಮುಂದೆ ತಾನೂ ಕಲಿಯುತ್ತ, ಹತ್ತಾರು ಫ್ಯೂಗ್‌ಗಳನ್ನು ಅಭ್ಯಾಸಕ್ಕಾಗಿ ಬರೆದು, ಕೆಲವನ್ನು ಚೈಕೋವ್‌ಸ್ಕಿಗೆ ಪರೀಕ್ಷೆಗೆ ಕಳುಹಿಸಿದನು. ಅದೇ ಕಾಲದಲ್ಲಿ, ೧೮೭೧-೭೨ರಲ್ಲಿ, ಆತನೂ ಮುಸೋರ್ಗ್‌ಸ್ಕಿಯೂ ಒಂದೇ ಕೋಣೆಯಲ್ಲಿ ವಾಸವಾಗಿದ್ದರು. ಪಿಯಾನೊ ಒಂದೇ. ಮಧ್ಯಾಹ್ನದವರೆಗೆ ಅದು ಮುಸೋರ್ಗ್‌ಸ್ಕಿಯದು. ಆ ಹೊತ್ತಿನಲ್ಲಿ ಇನ್ನೊಬ್ಬನು ಮೇಜಿನ ಬಳಿ ಕುಳಿತು ನಕಲು ಮಾಡುವನು. ಮಧ್ಯಾಹ್ನದ ಮೇಲೆ ಸರದಿ ಬದಲಾಗುವುದು. ಒಬ್ಬನು 'ಬೊರಿಸ್' ನಾಟಕವನ್ನೂ ಇನ್ನೊಬ್ಬನು 'ಪ್ಸ್ಕೋವಿನ ಕನ್ಯೆ'ಯನ್ನೂ ಹೀಗೆ ಬರೆದರು. ಪರಸ್ಪರ ಸಲಹೆ ದಿನವೂ ಇತ್ತು. ಅಪ್ಪಣೆ ಯಾರದೂ ಇರಲಿಲ್ಲ.

ಈ ಚರಿತ್ರೆಯಿಂದ ನನಗೆ ಹೊಳೆಯುವುದು ಇಷ್ಟು. ಬಲಾಕಿರೆವ್, ಕ್ಯುಯಿ ಇವರ ವಿದ್ಯೆ ಮೊದಲಿನಿಂದ ಕೊನೆಯವರೆಗೆ ಒಂದೇ. ಮಾತಿನ ಕಾಠಿನ್ಯವೂ ಒಂದೇ. ಮುಗಿಯದ ಕೃತಿಯ ಮುಂದೆ, ಸಮಾನರ ನಡುವೆ, ಕಡೆಯ ತೀರ್ಮಾನವನ್ನು ಕೃತಿಕಾರನಿಗೆ ಬಿಟ್ಟು ಆಡಿದಾಗ ಆ ಕಠಿನವಾದ ಮಾತು ಸಿಂಫೊನಿಗಳನ್ನು ಹುಟ್ಟಿಸಿತು. ಅಪ್ಪಣೆಯಾದಾಗ ಒಂದು ಕೃತಿಯ ಬಾಯನ್ನು ಕಟ್ಟಿತು. ಹೊರಗಿನವರಿಗೆ ತಮಾಷೆಯಾದಾಗ ಮನುಷ್ಯನನ್ನೇ ಮುರಿಯಿತು.

ನಾನು ಇದನ್ನು ನಿರ್ಲಿಪ್ತನಾಗಿ ಬರೆಯುತ್ತಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯ ಬಾಲಕನೊಬ್ಬನು ತನ್ನೂರಿನ ಕೆರೆಯನ್ನು ವರ್ಣಿಸಿ ಭಾಮಿನಿ ಷಟ್ಪದಿಯಲ್ಲಿ ಹನ್ನೆರಡು ಪದ್ಯಗಳನ್ನು ಬರೆದು ನನಗೆ ತಂದು ತೋರಿಸಿದನು. ಮೂರನೆಯ ಪದ್ಯದಲ್ಲಿ ಪ್ರಾಸ ತಪ್ಪಿತ್ತು; ಐದನೆಯದರಲ್ಲಿ ಒಂದು ಮಾತ್ರೆ ಹೆಚ್ಚಾಗಿತ್ತು. ಛಂದಸ್ಸಿನ ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಹಿಗ್ಗಿ, ಎರಡನ್ನೂ ತರಗತಿಯ ಮುಂದೆ ಗಟ್ಟಿಯಾಗಿ ಓದಿದೆನು. ಮಕ್ಕಳು ನಕ್ಕರು. ನಾನು ಹೇಳಿದುದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಬೇಸಗೆಯಲ್ಲಿ ಬಿರಿದ ಕೆರೆಯ ತಳವನ್ನು ಆ ಬಾಲಕನು ತನ್ನ ಅಜ್ಜಿಯ ಅಂಗಾಲಿಗೆ ಹೋಲಿಸಿದ್ದನು. ಆ ಉಪಮೆಯ ಮಾತನ್ನು ನಾನು ಎತ್ತಲೇ ಇಲ್ಲ. ಆತನು ಮತ್ತೆ ಯಾವ ಪುಸ್ತಕವನ್ನೂ ನನಗೆ ತಂದು ತೋರಿಸಲಿಲ್ಲ.

ನಮ್ಮ ಸಂಘದ ಮಾಸಿಕ ಕೂಟದಲ್ಲಿ ಹಸ್ತಪ್ರತಿಗಳನ್ನು ಓದುವ ಪದ್ಧತಿಯುಂಟು. ಅಲ್ಲಿ ಕಾಫಿಯ ಜೊತೆಗೆ ಹೊಗಳಿಕೆಯೂ, ಮನೆಗೆ ಹೋಗುವ ದಾರಿಯಲ್ಲಿ ತೆಗಳಿಕೆಯೂ ನಡೆಯುವುದನ್ನು ಬಲ್ಲವರು ಬಲ್ಲರು. ಎರಡರಿಂದಲೂ ಬರೆದವನಿಗೆ ಪ್ರಯೋಜನವಿಲ್ಲ. ದಾರಿಯಲ್ಲಿ ಆಡುವುದನ್ನು ಕೂಟದಲ್ಲಿಯೇ, ಪದ್ಯಪದ್ಯವಾಗಿ, ಆತನ ಎದುರಿಗೆ, ಆತನಿಗಾಗಿ ಆಡೋಣ. ಆಡುವಾಗ ಅಂಗಾಲಿನ ಉಪಮೆಯಂತಹುದೇನಾದರೂ ಕಂಡರೆ ಅದನ್ನು ಮೊದಲು ಹೇಳೋಣ. ತಿದ್ದುವುದೂ ಬಿಡುವುದೂ ಆತನ ಇಚ್ಛೆ.