ಸೌಂಡ್‌ಬಾಕ್ಸ್‌ನಿಂದ ಐಸ್ ಪ್ಲಾಂಟ್ ಅಲಾರಾಂವರೆಗೆ: ವೈರ್ ಇಲ್ಲದ ಯಂತ್ರಗಳು ಸರದಿ ಹಿಡಿಯೋದು ಹೇಗೆ?

ಕುಂದಾಪುರ: ಮೀನು ಏಲಂನಲ್ಲಿ ಇಬ್ಬರು ಒಟ್ಟಿಗೆ ರೇಟು ಕೂಗಿದರೆ ಎರಡೂ ಸರಿಯಾಗಿ ಕೇಳೋದಿಲ್ಲ, ಇಬ್ಬರೂ ಮತ್ತೆ ಕೂಗಬೇಕು. ಅಂಗಡಿಯ ಯುಪಿಐ ಸೌಂಡ್‌ಬಾಕ್ಸ್, ಗ್ರಾಮ ಪಂಚಾಯತ್ ಮಟ್ಟದ ಮಳೆಮಾಪಕ, ಕಾರ್ಖಾನೆಯ ವೈರ್‌ಲೆಸ್ ಸೆನ್ಸರ್‌ಗಳಿಗೂ ಇದೇ ತಾಪತ್ರಯ. ಗಾಳಿಯಲ್ಲಿರೋ ದಾರಿ ಒಂದೇ, ಮಾತಾಡೋರು ನೂರಾರು. ಮೊದಲೇ ಸರದಿ ಹಂಚದೆ, ಬೇಕಾದಾಗ ಸಂದೇಶ ಕಳಿಸುವ ಪದ್ಧತಿಗೆ ‘ರ‍್ಯಾಂಡಮ್ ಆಕ್ಸೆಸ್’ ಅಂತಾರೆ.

ಶುರುವಾದದ್ದು ಹವಾಯಿಯಲ್ಲಿ
1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ತಂಡ ದ್ವೀಪಗಳ ನಡುವೆ ಕಂಪ್ಯೂಟರ್ ಸಂಪರ್ಕಕ್ಕೆ ‘ಅಲೋಹಾ’ ಜಾಲ ಮಾಡಿತು. ನಿಯಮ ಸರಳ: ಕಳಿಸು, ತಲುಪಿದ ಉತ್ತರ ಬಾರದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸು. ಎಷ್ಟು ಹೊತ್ತು ಅನ್ನೋದನ್ನ ಪ್ರತಿ ಯಂತ್ರ ಲಾಟರಿ ಎತ್ತಿದ ಹಾಗೆ ತಾನೇ ಆರಿಸಿಕೊಳ್ಳುತ್ತೆ. ಇಲ್ಲದಿದ್ದರೆ ಎರಡೂ ಮತ್ತೆ ಒಟ್ಟಿಗೇ ಡಿಕ್ಕಿ.

ಲೆಕ್ಕದ ಪ್ರಕಾರ ಈ ಪದ್ಧತಿಯಲ್ಲಿ ದಾರಿಯ ಹೆಚ್ಚೆಂದರೆ ಶೇ. 18.4 ಮಾತ್ರ ಉಪಯೋಗಕ್ಕೆ ಬರುತ್ತೆ. ಸಮಯವನ್ನ ತುಂಡು ಮಾಡಿ, ತುಂಡಿನ ಶುರುವಿಗೇ ಕಳಿಸಬೇಕು ಅಂತ ಮಾಡಿದರೆ ಇದು ಶೇ. 36.8. ಅದಕ್ಕಿಂತ ಜಾಸ್ತಿ ಯಂತ್ರಗಳು ನುಗ್ಗಿದರೆ ತಲುಪುವ ಸಂದೇಶ ಹೆಚ್ಚೋದಿಲ್ಲ, ಕಡಿಮೆಯೇ ಆಗುತ್ತೆ.

ನಮ್ಮೂರಲ್ಲಿ ಎಲ್ಲಿದೆ?
ಸಿಮ್ ಇರುವ ಸೌಂಡ್‌ಬಾಕ್ಸ್ ಸುಮ್ಮನಿದ್ದಾಗ ಟವರ್ ಜೊತೆ ಮಾತು ನಿಲ್ಲಿಸಿರುತ್ತೆ. ದುಡ್ಡು ಬಂದ ಸುದ್ದಿ ಹೊತ್ತು ಟವರ್ ಕರೆದಾಗ, ಬಾಕ್ಸ್ ಮೊದಲು ರ‍್ಯಾಂಡಮ್ ಆಕ್ಸೆಸ್ ಬಾಗಿಲು ದಾಟಬೇಕು. 4ಜಿಯಲ್ಲಿ ಒಂದು ಸೆಲ್‌ಗೆ 64 ಸಂಕೇತಗಳು, ಅದರಲ್ಲಿ ಒಂದನ್ನ ಆರಿಸಬೇಕು. ಇಬ್ಬರು ಒಂದೇ ಸಂಕೇತ ಹಿಡಿದರೆ ಮತ್ತೆ ಪ್ರಯತ್ನ. ಕೊಲ್ಲೂರಿನಲ್ಲಿ ನವರಾತ್ರಿ ಜನಸಂದಣಿ ಇದ್ದಾಗ, ಇಲ್ಲವೇ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಎಲ್ಲ ಯಂತ್ರಗಳೂ ಒಟ್ಟಿಗೆ ಎದ್ದಾಗ ನೂಕುನುಗ್ಗಲು. ಘೋಷಣೆ ತಡವಾಗಲು ಇದೊಂದೇ ಕಾರಣ ಅಲ್ಲ. ಬಾಕ್ಸ್ ಕೂಗಲಿಲ್ಲ ಅಂತ ಗಿರಾಕಿ ಹತ್ತಿರ ಜಗಳಕ್ಕೆ ಹೋಗುವ ಮೊದಲು ನಿಮ್ಮ ಆ್ಯಪ್‌ನ ಹಿಸ್ಟರಿ ನೋಡಿ. ಗಿರಾಕಿ ತೋರಿಸುವ ಸ್ಕ್ರೀನ್ ಮಾತ್ರ ನಂಬಬೇಡಿ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದಲ್ಲೇ ಮಾಹಿತಿ ಕಳಿಸ್ತವೆ. ಹಡಗುಗಳ ಗುರುತು ಹೇಳುವ ಎಐಎಸ್ ಯಂತ್ರದಲ್ಲಿ ಬೇರೆ ಉಪಾಯ: ಪ್ರತಿ ಚಾನೆಲ್‌ನಲ್ಲಿ ನಿಮಿಷಕ್ಕೆ 2,250 ಸಮಯದ ತುಂಡು, ಖಾಲಿ ಇರೋದನ್ನ ನೋಡಿ ಹಡಗು ತನ್ನ ಜಾಗ ಕಾಯ್ದಿರಿಸುತ್ತೆ.

ಕಾರ್ಖಾನೆಗೆ ಯಾವುದು?
* ಲೋರಾವ್ಯಾನ್: ಭಾರತದಲ್ಲಿ ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್‌ನಲ್ಲಿ ಕೆಲಸ. ದೂರ ಹೋಗುತ್ತೆ, ಬ್ಯಾಟರಿ ಬಾಳಿಕೆ ಬರುತ್ತೆ. ಸಾಮಾನ್ಯವಾಗಿ ಅಲೋಹಾ ಪದ್ಧತಿ. ಟ್ಯಾಂಕ್ ನೀರಿನ ಮಟ್ಟ, ಗೇರುಬೀಜ ಗೋದಾಮಿನ ತೇವಾಂಶಕ್ಕೆ ಸಾಕು.
* ವೈಫೈ: ಮೊದಲು ಕಿವಿಗೊಟ್ಟು ಕೇಳಿ ಆಮೇಲೆ ಮಾತು. ಆದರೆ ಗೋಡೆಯ ಆಚೆ ಇರುವ ಯಂತ್ರ ಕೇಳಿಸದಿದ್ದರೆ ಡಿಕ್ಕಿ ತಪ್ಪೋದಿಲ್ಲ.
* ವೈರ್‌ಲೆಸ್ ಹಾರ್ಟ್: ಕಾರ್ಖಾನೆಗಂತಲೇ ಮಾಡಿದ್ದು. 10 ಮಿಲಿಸೆಕೆಂಡಿನ ತುಂಡುಗಳನ್ನ ಮೊದಲೇ ಹಂಚಿರುತ್ತೆ. ಖರ್ಚು ಜಾಸ್ತಿ, ಭರವಸೆಯೂ ಜಾಸ್ತಿ.

ಅಲಾರಾಂ ವಿಷಯದಲ್ಲಿ ಎಚ್ಚರ
ತೇವಾಂಶದ ಒಂದು ರೀಡಿಂಗ್ ತಪ್ಪಿದರೆ ನಷ್ಟ ಇಲ್ಲ, ಮುಂದಿನದ್ದು ಬರುತ್ತೆ. ಐಸ್ ಪ್ಲಾಂಟ್‌ನಲ್ಲಿ ಅಮೋನಿಯಾ ಸೋರಿದ ಸಂದೇಶ ಡಿಕ್ಕಿ ಹೊಡೆದು ಹೋದರೆ ಒಳಗಿದ್ದವರ ಜೀವದ ಪ್ರಶ್ನೆ. ಹಾಗಾಗಿ ಗ್ಯಾಸ್ ಅಲಾರಾಂಗೆ ಸ್ಥಳದಲ್ಲೇ ವೈರ್ ಎಳೆದ ಸೈರನ್ ಇರಲೇಬೇಕು. ಮೊಬೈಲ್‌ಗೆ ಬರುವ ಮೆಸೇಜ್ ಅದರ ಮೇಲಿನ ಹೆಚ್ಚುವರಿ ಅಷ್ಟೆ.

ಸೆನ್ಸರ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ನಾಲ್ಕು:
1. ಸಂದೇಶ ತಲುಪಿತು ಅಂತ ಉತ್ತರ ಬರುತ್ತಾ?
2. ಬಾರದಿದ್ದರೆ ಎಷ್ಟು ಸಲ ಮತ್ತೆ ಕಳಿಸುತ್ತೆ?
3. ಎಲ್ಲ ಸೆನ್ಸರ್ ಒಂದೇ ಹೊತ್ತಿಗೆ ಕಳಿಸ್ತವಾ, ಹಿಂದೆಮುಂದೆ ಮಾಡಿದ್ದೀರಾ?
4. ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಎದ್ದರೆ ಏನಾಗುತ್ತೆ?

ನಾಲ್ಕನೆಯದಕ್ಕೆ ಮಾತಿನ ಉತ್ತರ ಸಾಲದು. ದುಡ್ಡು ಕೊಡುವ ಮೊದಲು ಮೇನ್ ಸ್ವಿಚ್ ಒಮ್ಮೆ ಆಫ್ ಮಾಡಿ, ಆನ್ ಮಾಡಿ ತೋರಿಸಲು ಹೇಳಿ.